ಕಾಫ್ಸ್ ಹಾರ್ಬರ್‌ನಲ್ಲಿ ನಾಲ್ಕು ರಾತ್ರಿ, ಅಪ್ಪನ ಜೊತೆ

ಮೊದಲ ದಿನ, ಶುಕ್ರವಾರ

ಸಿಡ್ನಿಯಿಂದ ಬ್ರಿಸ್ಬೇನ್‌ಗೆ ಸಮುದ್ರದ ಬದಿಯ ರಸ್ತೆಯಲ್ಲಿ ಹೋಗುವವರು ಕಾಫ್ಸ್ ಹಾರ್ಬರ್ ಊರೊಳಗೆ ಹಾದೇ ಹೋಗಬೇಕು. ನಾವು ಹಿಂದೆ ಎರಡು ಸಲ ಹೋಗಿದ್ದೆವು. ಎರಡು ಸಲವೂ ಅಷ್ಟೇ: ರಸ್ತೆ ಬದಿಯ ದೊಡ್ಡ ಬಾಳೆಹಣ್ಣಿನ ಮುಂದೆ ಫೋಟೋ, ಒಂದು ಕಾಫಿ, ಕಾರಿಗೆ ಪೆಟ್ರೋಲ್, ಮತ್ತೆ ಹೊರಟೆವು. ಒಟ್ಟು ಅರ್ಧ ಗಂಟೆ.

ಈ ಸಲ ಅಪ್ಪ ಜೊತೆಗಿದ್ದರು. ನಮ್ಮ ಊರು ನಂಜನಗೂಡಿನ ಹತ್ತಿರ. ಅಪ್ಪ ನಲವತ್ತು ವರ್ಷ ಬಾಳೆ ಬೆಳೆದವರು. ಮೊದಲು ರಸಬಾಳೆ, ಅದು ಸೊರಗು ರೋಗಕ್ಕೆ ಹೋದ ಮೇಲೆ ಏಲಕ್ಕಿ, ಪಚ್ಚಬಾಳೆ. ಆರು ತಿಂಗಳ ವೀಸಾದಲ್ಲಿ ಸಿಡ್ನಿಗೆ ಬಂದು ನಮ್ಮ ಮೂರನೇ ಮಹಡಿಯ ಮನೆಯಲ್ಲಿ ಕೂತು ಕೂತು ಬೇಜಾರಾಗಿದ್ದರು. ಸೆಪ್ಟೆಂಬರ್ ಕೊನೆಯ ಶಾಲೆ ರಜೆ ಬಂತು. ‘ಬಾಳೆ ಬೆಳೆಯೋ ಊರಿಗೆ ಹೋಗೋಣ ಅಪ್ಪ, ಅವಸರ ಇಲ್ಲದೆ ಇರೋಣ’ ಅಂದೆ. ಅವತ್ತೇ ರಾತ್ರಿ ಬ್ಯಾಗ್ ತುಂಬಿಸಿಟ್ಟರು.

ಬೆಳಿಗ್ಗೆ ಆರಕ್ಕೆ ಹೊರಟೆವು. ಸುಮಾರು 530 ಕಿಲೋಮೀಟರ್. ಈಗ ದಾರಿಯುದ್ದಕ್ಕೂ ಜೋಡಿ ರಸ್ತೆ, ಹೆಚ್ಚಿನ ಊರುಗಳೆಲ್ಲ ಪಕ್ಕಕ್ಕೆ ಉಳಿದುಬಿಡುತ್ತವೆ. ನಮ್ಮವರು ಹುಬ್ಬಳ್ಳಿಯವರು, ಕಾರು ಓಡಿಸುವಾಗ ಮಾತು ಕಡಿಮೆ. ಎರಡು ಗಂಟೆಗೊಮ್ಮೆ ನಿಲ್ಲಿಸಿ ಬುತ್ತಿಯ ಚಪಾತಿ ತಿಂದೆವು. ಕಾಫ್ಸ್‌ಗೆ ಅರ್ಧ ಗಂಟೆ ಮೊದಲು ಉರಂಗ ಅಂತ ಒಂದು ಸಣ್ಣ ಊರು. ಅಲ್ಲಿ ಬೆಲಿಂಜರ್ ಮತ್ತು ಕಲಾಂಗ್ ನದಿಗಳು ಸೇರಿ ಸಮುದ್ರಕ್ಕೆ ಬೀಳುತ್ತವೆ. ನೀರಿನ ಮೇಲೆಯೇ ಉದ್ದಕ್ಕೆ ಮರದ ಹಲಗೆಯ ದಾರಿ ಹಾಕಿದ್ದಾರೆ, ನಡೆದುಕೊಂಡು ಕಡಲ ತನಕ ಹೋಗಬಹುದು. ಮಗ ಕೆಳಗೆ ಕೆಸರಿನಲ್ಲಿ ಓಡುತ್ತಿದ್ದ ನೀಲಿ ಬೆನ್ನಿನ ಪುಟ್ಟ ಏಡಿಗಳನ್ನು ಎಣಿಸಲು ಹೋಗಿ ಸೋತ. ಅಪ್ಪ ಎರಡು ನೀರು ಸೇರುವ ಕಡೆ ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಕಪಿಲೆ ಕೌಂಡಿನಿ ಸೇರುವ ಊರಿನವರು, ಸಂಗಮ ಕಂಡರೆ ಅವರಿಗೆ ಕೈ ತಾನಾಗಿ ಮುಗಿಯುತ್ತದೆ.

ಮೂರು ಗಂಟೆಗೆ ಕಾಫ್ಸ್. ಪಾರ್ಕ್ ಬೀಚ್ ಹತ್ತಿರ ಒಂದು ಕ್ಯಾಬಿನ್ ಹಿಡಿದಿದ್ದೆವು: ಎರಡು ಕೋಣೆ, ಒಂದು ಒಲೆ, ಮುಂದೆ ಚಿಕ್ಕ ಜಗಲಿ. ರಾತ್ರಿ ಉಪ್ಪಿಟ್ಟು ಮಾಡಿ ತಿಂದು ಅಲೆಯ ಸದ್ದು ಕೇಳುತ್ತಾ ಮಲಗಿದೆವು.

ಎರಡನೇ ದಿನ, ಶನಿವಾರ

ಮಗನಿಗೆ ಮೊದಲು ಬಾಳೆಹಣ್ಣೇ ಆಗಬೇಕು. ಸರಿ ಅಂತ ಹೊರಟೆವು. 1964ರಲ್ಲಿ ಕಟ್ಟಿದ್ದು ಇದು. ಬಾಳೆಹಣ್ಣಿನ ಅಂಗಡಿಗೆ ಜನರನ್ನು ಸೆಳೆಯಲು ರಸ್ತೆಗೆ ಕಾಣುವಂತೆ ನಿಲ್ಲಿಸಿದ ಹಣ್ಣು, ಉದ್ದ 13 ಮೀಟರ್, ಎತ್ತರ 5 ಮೀಟರ್, ಒಳಗೆ ನಡೆದು ಆ ಕಡೆ ಬರಬಹುದು. ಆಸ್ಟ್ರೇಲಿಯಾದಲ್ಲಿ ಊರೂರಿಗೆ ಒಂದೊಂದು ದೊಡ್ಡ ಬೊಂಬೆ ನಿಲ್ಲಿಸುವ ಪದ್ಧತಿ ಇದೆ. ಕುರಿ, ಸೀಗಡಿ, ಅನಾನಸ್, ಏನೇನೋ. ಅವುಗಳಲ್ಲಿ ಇದು ಹಳಬರ ಸಾಲಿನದು. ಸುತ್ತ ನೀರಿನ ಜಾರುಬಂಡಿ, ಮಿನಿ ಗಾಲ್ಫ್. ಮಗ ಎರಡು ಗಂಟೆ ಖುಷಿಯಾಗಿದ್ದ.

ಅಪ್ಪ ನೋಡಿದ್ದು ಹಣ್ಣನ್ನಲ್ಲ, ಹಿಂದಿನ ಗುಡ್ಡವನ್ನು. ಅಲ್ಲಿ ನಿಜವಾದ ಬಾಳೆ ಇತ್ತು. ‘ಇಷ್ಟು ಕಡಿದಾದ ಗುಡ್ಡದಲ್ಲಿ ಯಾಕಮ್ಮ ಹಾಕ್ಯವ್ರೆ? ನೀರು ನಿಲ್ಲಲ್ಲ, ಗೊನೆ ಹೊತ್ತು ಇಳಿಸೋಕೆ ಎಷ್ಟು ಕಷ್ಟ’ ಅಂದರು. ನನಗೆ ಉತ್ತರ ಗೊತ್ತಿರಲಿಲ್ಲ. ಅಂಗಡಿಯಲ್ಲಿದ್ದ ಒಬ್ಬಾಕೆಯನ್ನು ಕೇಳಿದೆ. ಇಲ್ಲಿ ಸೂರ್ಯ ಉತ್ತರಕ್ಕೆ ವಾಲುತ್ತಾನೆ, ಉತ್ತರಕ್ಕೆ ಮುಖ ಮಾಡಿದ ಗುಡ್ಡಕ್ಕೆ ಚಳಿಗಾಲದಲ್ಲೂ ಬಿಸಿಲು ಸಿಗುತ್ತದೆ, ತಗ್ಗಿನಲ್ಲಿ ಕೂರುವ ಹಿಮದ ಚಳಿ ಇಳಿಜಾರಿನಲ್ಲಿ ಕೂರುವುದಿಲ್ಲ ಅಂದಳು. ಅಪ್ಪ ತಕ್ಷಣ ಬಿಸಿಲಿಗೆ ಬಂದು ತಮ್ಮ ನೆರಳು ನೋಡಿಕೊಂಡರು. ಮಧ್ಯಾಹ್ನ ಹನ್ನೆರಡಕ್ಕೆ ನೆರಳು ದಕ್ಷಿಣಕ್ಕೆ ಬಿದ್ದಿತ್ತು. ಎರಡು ತಿಂಗಳಿಂದ ಈ ದೇಶದಲ್ಲಿದ್ದರೂ ಅದನ್ನು ಗಮನಿಸಿರಲಿಲ್ಲ ಅಂದರು. ನಾನು ಹತ್ತು ವರ್ಷದಿಂದ ಇದ್ದೇನೆ. ನಾನೂ ಗಮನಿಸಿರಲಿಲ್ಲ.

ವಾಪಸ್ ಬರುವಾಗ ರಸ್ತೆ ಬದಿಯಲ್ಲಿ ತಗಡಿನ ಗೂಡಂಗಡಿ. ಯಾರೂ ಇಲ್ಲ. ಬಾಳೆಹಣ್ಣು, ಅವಕಾಡೊ, ನಿಂಬೆ, ಪಕ್ಕದಲ್ಲಿ ಕಾಸು ಹಾಕುವ ಡಬ್ಬಿ. ‘ಲೇಡಿ ಫಿಂಗರ್’ ಅಂತ ಬರೆದಿತ್ತು. ‘ಲೇಡಿ ಫಿಂಗರ್ ಅಂದ್ರೆ ಬೆಂಡೆಕಾಯಿ ಅಲ್ವಾ?’ ಅಂದರು ಅಪ್ಪ. ಇಲ್ಲಿ ಅದು ಒಂದು ಬಾಳೆ ಜಾತಿ. ಒಂದು ಚಿಪ್ಪು ತಗೊಂಡೆವು. ಸಣ್ಣ ಹಣ್ಣು, ತೆಳು ಸಿಪ್ಪೆ, ಸಿಹಿಯ ಹಿಂದೆ ಸ್ವಲ್ಪ ಹುಳಿ. ಅಪ್ಪ ಕಣ್ಣು ಮುಚ್ಚಿ ತಿಂದು, ‘ಏಲಕ್ಕಿಯ ದಾಯಾದಿ ಇದ್ದಂಗದೆ’ ಅಂದರು. ಡಬ್ಬಿಯೊಳಗೆ ನಾಣ್ಯ ತಾವೇ ಹಾಕಿದರು, ಬಿದ್ದ ಸದ್ದು ಕೇಳುವ ತನಕ ನಿಂತಿದ್ದರು.

ಸಂಜೆ ಬಂದರಿನ ಕಡೆ. ಊರಿನ ಹೆಸರಿನ ಕಥೆ ನನಗೆ ಇಷ್ಟ. 1847ರಲ್ಲಿ ಜಾನ್ ಕೋರ್ಫ್ ಅನ್ನುವ ಹಡಗು ಕಟ್ಟುವವನು ಬಿರುಗಾಳಿಗೆ ಸಿಕ್ಕು ಇಲ್ಲಿ ಆಸರೆ ಪಡೆದ. ಕೋರ್ಫನ ಬಂದರು ಅಂತ ಹೆಸರಾಯಿತು. ಆಮೇಲೆ ಸರ್ವೆ ಮಾಡುವವರು ಕಾಗದದಲ್ಲಿ ಕಾಫ್ ಅಂತ ಬರೆದರು, ಅದೇ ನಿಂತುಬಿಟ್ಟಿತು. 1892ರಲ್ಲಿ ಕಟ್ಟಿದ ಮರದ ಜೆಟ್ಟಿ ಇನ್ನೂ ಇದೆ. ಹಿಂದಿನ ಕಾಡುಗಳ ಮರ ಹಡಗಿಗೆ ಏರುತ್ತಿದ್ದದ್ದು ಇಲ್ಲೇ. ಈಗ ಗಾಳ ಹಾಕಿ ಕೂತವರು, ಮೇಲಿಂದ ನೀರಿಗೆ ಧುಮುಕುವ ಹುಡುಗರು, ಏನಾದರೂ ಸಿಕ್ಕೀತು ಅಂತ ಕಾಯುವ ಪೆಲಿಕನ್‌ಗಳು.

ಬಂದರಿನ ಉತ್ತರಕ್ಕೆ ಕಲ್ಲಿನ ತಡೆಗೋಡೆಯ ಮೇಲೆ ನಡೆದು ಹೋದರೆ ಮಟನ್‌ಬರ್ಡ್ ದ್ವೀಪ. ಈ ನೆಲದ ಮೂಲನಿವಾಸಿಗಳಾದ ಗುಂಬಯಿಂಗರ್ ಜನ ಇದಕ್ಕೆ ಗೀಡನಿ ಮೀರ್ಲಾರ್ಲ್ ಅನ್ನುತ್ತಾರೆ, ಚಂದ್ರನ ಜಾಗ ಅಂತ ಅರ್ಥ. ಅವರಿಗೆ ಇದು ಪವಿತ್ರ ಸ್ಥಳ. ಗುಡ್ಡ ಏರುವ ದಾರಿ ಕಡಿದಾಗಿದೆ, ಆದರೆ ಗಟ್ಟಿ ಹಾಸಿದ್ದಾರೆ. ಅಪ್ಪ ನಾಲ್ಕು ಕಡೆ ಕೂತು ಏರಿದರು. ದಾರಿ ಬಿಟ್ಟು ಕಾಲಿಡಬಾರದು. ಯಾಕೆಂದರೆ ಗುಡ್ಡವೆಲ್ಲ ತೂತು ತೂತು. ಬೆಣೆಬಾಲದ ಶಿಯರ್‌ವಾಟರ್ ಅನ್ನುವ ಕಡಲ ಹಕ್ಕಿಗಳ ಬಿಲ ಅವು. ಹಿಂದೆ ಬಿಳಿಯರು ಇವುಗಳ ಮಾಂಸ ತಿನ್ನುತ್ತಿದ್ದರಂತೆ, ಅದಕ್ಕೆ ಮಟನ್‌ಬರ್ಡ್. ಚಳಿಗಾಲಕ್ಕೆ ಉತ್ತರದ ಬೆಚ್ಚನೆ ಕಡಲಿಗೆ, ಫಿಲಿಪೈನ್ಸ್ ಕಡೆಗೆ ಹಾರಿಹೋಗಿ ಆಗಸ್ಟ್‌ನಲ್ಲಿ ವಾಪಸ್ ಬರುತ್ತವೆ. ಬಂದು ಸಾಮಾನ್ಯವಾಗಿ ಹೋದ ವರ್ಷದ ಅದೇ ಬಿಲವನ್ನು ಕೆರೆದು ಸರಿ ಮಾಡಿಕೊಳ್ಳುತ್ತವೆ.

ತುದಿಯ ಕಟ್ಟೆಯ ಮೇಲೆ ನಿಂತಿದ್ದೆವು. ದೂರದಲ್ಲಿ ನೀರು ಬೆಳ್ಳಗೆ ಚಿಮ್ಮಿತು. ಮತ್ತೊಮ್ಮೆ. ಮೂರನೇ ಸಲ ಕಪ್ಪು ಬೆನ್ನು ಕಂಡಿತು, ಅದರ ಪಕ್ಕದಲ್ಲೇ ಇನ್ನೊಂದು ಸಣ್ಣದು. ಹಂಪ್‌ಬ್ಯಾಕ್ ತಿಮಿಂಗಿಲಗಳು ಉತ್ತರದ ಬಿಸಿ ನೀರಿನಲ್ಲಿ ಮರಿ ಹಾಕಿ, ಈ ತಿಂಗಳುಗಳಲ್ಲಿ ಮರಿಯ ಜೊತೆ ಅಂಟಾರ್ಕ್ಟಿಕಾ ಕಡೆಗೆ ಇಳಿಯುತ್ತವೆ. ಮಗ ‘ತಾತ, ತಾತ’ ಅಂತ ಅಪ್ಪನ ತೋಳು ಜಗ್ಗುತ್ತಿದ್ದ. ಅಪ್ಪ ಕನ್ನಡಕ ಒರೆಸಿ ಹಾಕಿಕೊಂಡು, ‘ಕಂಡೆ ಕಣಪ್ಪ, ಕಂಡೆ. ಬಾಣಂತಿ ತವರಿಂದ ಗಂಡನ ಮನೆಗೆ ಹೊಂಟವಳೆ’ ಅಂದರು.

ಕತ್ತಲಾಗುವ ಹೊತ್ತಿಗೆ ಹಕ್ಕಿಗಳು ಬಂದವು. ಮೊದಲು ಒಂದು ನೆರಳು, ಆಮೇಲೆ ಹತ್ತು, ಆಮೇಲೆ ಎಣಿಕೆಗೆ ಸಿಗಲಿಲ್ಲ. ತಲೆಯ ಪಕ್ಕದಲ್ಲೇ ಗಾಳಿ ಸೀಳಿಕೊಂಡು ಹೋಗಿ ಹುಲ್ಲಿನೊಳಗೆ ದೊಪ್ಪನೆ ಬೀಳುತ್ತಿದ್ದವು. ನೆಲದೊಳಗಿಂದ ಕೂಗು ಶುರುವಾಯಿತು. ಎಳೆ ಮಗು ರಾಗ ಎಳೆದು ಅಳುವಂಥ ಸದ್ದು, ಗುಡ್ಡದ ಒಂದು ಮಗ್ಗುಲಿಂದ ಎದ್ದರೆ ಇನ್ನೊಂದು ಮಗ್ಗುಲಿಂದ ಉತ್ತರ. ನಾವು ಟಾರ್ಚ್ ನೆಲಕ್ಕೆ ಹಿಡಿದು ಮಾತಿಲ್ಲದೆ ಇಳಿದೆವು.

ಮೂರನೇ ದಿನ, ಭಾನುವಾರ

ಬೆಳಿಗ್ಗೆ ಜೆಟ್ಟಿ ಹತ್ತಿರದ ಸಂತೆಯಲ್ಲಿ ಸ್ವಲ್ಪ ಸುತ್ತಿದೆವು. ಜೇನು, ಸೋಪು, ಸೊಪ್ಪು. ಅದರ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ. ಆ ದಿನ ಇದ್ದದ್ದು ವುಲ್ಗೂಲ್ಗಕ್ಕೆ.

ಉತ್ತರಕ್ಕೆ 25 ಕಿಲೋಮೀಟರ್. ಹೊಸ ಹೆದ್ದಾರಿ ಈ ಊರನ್ನು ಬಿಟ್ಟು ಪಕ್ಕದಲ್ಲಿ ಹೋಗುತ್ತದೆ, ಹಾಗಾಗಿ ಹಿಂದಿನ ಎರಡು ಸಲವೂ ನಮಗೆ ಕಂಡಿರಲಿಲ್ಲ. ಹಳೆ ರಸ್ತೆಯಲ್ಲಿ ಬಂದರೆ ದಿಣ್ಣೆಯ ಮೇಲೆ ಬಿಳಿ ಗುಮ್ಮಟಗಳ ಗುರುದ್ವಾರ. ಆಸ್ಟ್ರೇಲಿಯಾದ ಮೊದಲ ಗುರುದ್ವಾರ ಶುರುವಾದದ್ದು ಈ ಪುಟ್ಟ ಊರಿನಲ್ಲಿ, 1968ರಲ್ಲಿ. ಸಿಡ್ನಿಯಲ್ಲಲ್ಲ, ಮೆಲ್ಬೋರ್ನ್‌ನಲ್ಲೂ ಅಲ್ಲ.

ತಲೆಗೆ ಬಟ್ಟೆ ಕಟ್ಟಿಕೊಂಡು ಒಳಗೆ ಹೋಗಿ ನಮಸ್ಕಾರ ಮಾಡಿ ಲಂಗರ್‌ಗೆ ಕೂತೆವು. ರೊಟ್ಟಿ, ದಾಲ್, ಆಲೂ ಗೋಬಿ, ಖೀರು. ಅಪ್ಪ ಸಿಡ್ನಿಗೆ ಬಂದ ಮೇಲೆ ಮೊದಲ ಸಲ ಪಂಕ್ತಿಯಲ್ಲಿ ನೆಲದ ಮೇಲೆ ಕೂತು ಊಟ ಮಾಡಿದ್ದು. ಮಂಡಿ ನೋವಿದ್ದರೂ ಕುರ್ಚಿ ಬೇಡ ಅಂದರು. ಬಡಿಸುತ್ತಿದ್ದ ಹುಡುಗನಿಗೆ ಹದಿನೈದು ವರ್ಷ ಇರಬಹುದು, ಅಪ್ಪಟ ಆಸ್ಟ್ರೇಲಿಯಾ ಇಂಗ್ಲಿಷ್. ಅಪ್ಪನ ತಟ್ಟೆ ಖಾಲಿಯಾಗಲು ಬಿಡಲಿಲ್ಲ.

ಊಟದ ನಂತರ ಹೊರಗೆ ಬೆಂಚಿನ ಮೇಲೆ ಒಬ್ಬ ವಯಸ್ಸಾದ ಸರ್ದಾರ್‌ಜಿ ಸಿಕ್ಕಿದರು. ಅಪ್ಪನ ವಯಸ್ಸಿನವರೇ. ಅಪ್ಪನಿಗೆ ಹಿಂದಿ ಅಷ್ಟಕ್ಕಷ್ಟೆ. ನಮ್ಮವರು ಮಧ್ಯೆ ಕೂತು ಎರಡೂ ಕಡೆ ಹೇಳುತ್ತಿದ್ದರು. ಆದರೆ ‘ಕೇಲಾ’ ಅನ್ನುವ ಮಾತು ಬಂದ ಮೇಲೆ ನಮ್ಮವರ ಕೆಲಸ ಅರ್ಧ ಕಡಿಮೆಯಾಯಿತು. ಇಬ್ಬರೂ ಕೈಯಲ್ಲೇ ಗೊನೆಯ ಅಳತೆ ತೋರಿಸಿಕೊಳ್ಳುತ್ತಿದ್ದರು.

ಅವರ ತಂದೆ ಪಂಜಾಬಿನಿಂದ ಬಂದು ಉತ್ತರದ ಕಬ್ಬಿನ ಗದ್ದೆಗಳಲ್ಲಿ ಕಬ್ಬು ಕಡಿದವರು. ಎರಡನೇ ಮಹಾಯುದ್ಧದ ಕಾಲಕ್ಕೆ ಇಲ್ಲಿನ ಬಾಳೆ ತೋಟಗಳಲ್ಲಿ ಆಳುಗಳಿಗೆ ತತ್ವಾರ. ಹಾಗೆ 1940ರ ದಶಕದಲ್ಲಿ ಒಬ್ಬೊಬ್ಬರಾಗಿ ಸಿಖ್ಖರು ವುಲ್ಗೂಲ್ಗಕ್ಕೆ ಇಳಿದರು. 1901ರಿಂದಲೇ ಬಿಳಿಯರಲ್ಲದವರು ಬರದಂತೆ ಕಾನೂನು ಇದ್ದ ದೇಶ ಇದು. ಅದಕ್ಕೂ ಮೊದಲು ಬಂದು ನೆಲೆಸಿದ್ದವರು ಹೇಗೋ ಉಳಿದರು, ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ವರ್ಷಗಟ್ಟಲೆ ಕಾದರು. ಮೊದಲು ಕೂಲಿ, ಆಮೇಲೆ ಗುತ್ತಿಗೆ, ಕೊನೆಗೆ ಸ್ವಂತ ತೋಟ. ‘ನಾನು ಹನ್ನೆರಡು ವರ್ಷದವನಿದ್ದಾಗ ಅಮ್ಮನ ಜೊತೆ ಬಂದೆ. ಅಲ್ಲಿಯವರೆಗೆ ಅಪ್ಪನ ಮುಖ ಸರಿಯಾಗಿ ಗೊತ್ತಿರಲಿಲ್ಲ’ ಅಂದರು ಸರ್ದಾರ್‌ಜಿ. ನಮ್ಮವರು ಅದನ್ನು ಕನ್ನಡದಲ್ಲಿ ಹೇಳಿದಾಗ ಅಪ್ಪ ಅವರ ಕೈ ಹಿಡಿದುಕೊಂಡರು.

ಈ ಕಥೆ ನಮಗೆ ಯಾರೂ ಹೇಳಿರಲಿಲ್ಲ. ನಾವು ಇಂಜಿನಿಯರ್, ನರ್ಸ್ ಅಂತ ಕಾಗದ ಹಿಡಿದು ವಿಮಾನದಲ್ಲಿ ಬಂದು ಇಳಿದವರು. ನಮಗಿಂತ ಎಷ್ಟೋ ಮೊದಲು ಈ ಗುಡ್ಡಗಳಲ್ಲಿ ಬೆನ್ನ ಮೇಲೆ ಗೊನೆ ಹೊತ್ತು ಇಳಿಸಿದ ಜನ ಇವರು. ಪ್ರತಿಯೊಬ್ಬರೂ ದೊಡ್ಡ ಬಾಳೆಹಣ್ಣಿನ ಫೋಟೋ ತೆಗೆಯುತ್ತಾರೆ. ಇಪ್ಪತ್ತೈದು ಕಿಲೋಮೀಟರ್ ಮುಂದೆ ಬಂದು ಇವರ ಜೊತೆ ಒಂದು ಊಟ ಮಾಡಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಹೊರಡುವಾಗ ಸರ್ದಾರ್‌ಜಿ, ‘ನಾಳೆ ತೋಟಕ್ಕೆ ಬನ್ನಿ. ಬೂಟು ತೊಳೆದುಕೊಂಡು ಬನ್ನಿ’ ಅಂದರು.

ನಾಲ್ಕನೇ ದಿನ, ಸೋಮವಾರ

ರಾತ್ರಿ ಸಣ್ಣ ಮಳೆ ಬಂದು ನಿಂತಿತ್ತು. ಬೂಟು ತೊಳೆಯುವ ಮಾತು ಅಪ್ಪನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಬೆಳಿಗ್ಗೆ ಎದ್ದವರೇ ಜಗಲಿಯಲ್ಲಿ ಕೂತು ಎಲ್ಲರ ಬೂಟಿನ ಅಡಿಯನ್ನು ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿದರು. ಸಂದಿಯಲ್ಲಿದ್ದ ಮಣ್ಣನ್ನು ಕಡ್ಡಿಯಿಂದ ಕೆದಕಿ ತೆಗೆದರು. ಅದು ಯಾಕೆ ಅಂತ ಮಗ ಕೇಳಿದ. ‘ಮಣ್ಣಿನ ಜೊತೆ ರೋಗ ಬತ್ತದೆ ಮಗಾ. ನಮ್ಮ ರಸಬಾಳೆ ಹಂಗೇ ಹೋಯ್ತು’ ಅಂದರು.

ಆ ಸೊರಗು ರೋಗಕ್ಕೆ ಪನಾಮ ರೋಗ ಅಂತ ಹೆಸರಿದ್ದರೂ, ಮೊದಲು ಗುರುತಿಸಿ ಬರೆದಿಟ್ಟದ್ದು ಆಸ್ಟ್ರೇಲಿಯಾದಲ್ಲೇ, ಬ್ರಿಸ್ಬೇನ್ ಬಳಿ, 1876ರಲ್ಲಿ. ಅದು ಒಂದು ಶಿಲೀಂಧ್ರ. ಬೇರಿನಿಂದ ಒಳಗೆ ಹೋಗಿ ನೀರು ಏರುವ ದಾರಿಯನ್ನೇ ಕಟ್ಟಿಬಿಡುತ್ತದೆ. ಎಲೆ ಹಳದಿಯಾಗಿ ಬುಡಕ್ಕೆ ಜೋತುಬೀಳುತ್ತದೆ. ಗಿಡ ಕಿತ್ತರೂ ಮಣ್ಣಿನಲ್ಲಿ ದಶಕಗಟ್ಟಲೆ ಬದುಕಿರುತ್ತದೆ. ನಮ್ಮ ಗದ್ದೆಯಲ್ಲಿ ಒಂದು ಸಾಲು ಹಳದಿಯಾದ ವರ್ಷ ನನಗೆ ಎಂಟು ವಯಸ್ಸು. ಅಪ್ಪ ದಿಂಡನ್ನು ಅಡ್ಡಕ್ಕೆ ಕತ್ತರಿಸಿ, ಒಳಗೆ ಕಂದು ಕೆಂಪಿನ ಉಂಗುರ ನೋಡಿ ಕತ್ತಿ ಕೆಳಗಿಟ್ಟದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ತೋಟದ ಗೇಟಿನಲ್ಲಿ ಔಷಧಿ ನೀರಿನ ತೊಟ್ಟಿ ಇತ್ತು. ಅದರಲ್ಲಿ ಮತ್ತೆ ಬೂಟು ಅದ್ದಿ ಒಳಗೆ ಹೋದೆವು. ಗುಡ್ಡ ಕಡಿದು. ಸರ್ದಾರ್‌ಜಿ ಬರೀ ಕಣ್ಣಳತೆಯಲ್ಲಿ ಹೆಜ್ಜೆ ಇಡುತ್ತಿದ್ದರು. ಗೊನೆಗಳಿಗೆಲ್ಲ ಉದ್ದನೆಯ ಪ್ಲಾಸ್ಟಿಕ್ ಚೀಲ ತೊಡಿಸಿದ್ದರು. ಹಕ್ಕಿ, ಬಾವಲಿ, ಗಾಳಿ, ಚಳಿ ಎಲ್ಲದಕ್ಕೂ ಒಂದೇ ಅಂಗಿ. ಅವರು ಒಂದು ಚೀಲ ಎತ್ತಿ ತೋರಿಸಿದರು. ಒಳಗೆ ಬೆಚ್ಚಗೆ, ಕಲೆಯಿಲ್ಲದ ಹಸಿರು ಕಾಯಿ. ಅಪ್ಪ ಕೈ ಹಾಕಲಿಲ್ಲ, ಮೊದಲು ‘ಮುಟ್ಟಲಾ?’ ಅಂತ ಸನ್ನೆ ಮಾಡಿದರು. ಆಮೇಲೆ ಕಾಯಿಯ ಏಣನ್ನು ಹೆಬ್ಬೆರಳಿನಿಂದ ಸವರಿ, ‘ಇನ್ನೂ ಮೂರು ವಾರ’ ಅಂದರು. ಸರ್ದಾರ್‌ಜಿ ನಕ್ಕು ನಾಲ್ಕು ಬೆರಳು ತೋರಿಸಿದರು. ಇಲ್ಲಿ ಚಳಿಗೆ ಕಾಯಿ ನಿಧಾನ ಬಲಿಯುತ್ತದೆ.

ಈಗ ಬಾಳೆ ಕಡಿಮೆಯಾಗಿದೆ. ಪಕ್ಕದ ರಾಜ್ಯ ಕ್ವೀನ್ಸ್‌ಲ್ಯಾಂಡಿನ ಉತ್ತರದಲ್ಲಿ ಸಮತಟ್ಟು ನೆಲ, ಬಿಸಿಲು, ಮಳೆ, ಯಂತ್ರ ಓಡಿಸಬಹುದು. ದೇಶದ ಬಾಳೆಯಲ್ಲಿ ಹತ್ತಕ್ಕೆ ಒಂಬತ್ತು ಪಾಲಿಗಿಂತ ಹೆಚ್ಚು ಅಲ್ಲಿಂದಲೇ ಬರುತ್ತದೆ. ಈ ಗುಡ್ಡಗಳಲ್ಲಿ ಎಲ್ಲ ಕೈಕೆಲಸ. ಅದಕ್ಕೆ ಪಕ್ಕದ ಇಳಿಜಾರುಗಳಲ್ಲಿ ಈಗ ಬಿಳಿ ಬಲೆಯ ಕೆಳಗೆ ಬ್ಲೂಬೆರಿ. ಸರ್ದಾರ್‌ಜಿಯ ಮಗನೂ ಬ್ಲೂಬೆರಿಯೇ. ಬಾಳೆಯ ಈ ತುಂಡು ತಮ್ಮ ಸಮಾಧಾನಕ್ಕೆ ಅಂದರು.

ಬುಡದಲ್ಲಿ ಆಗಷ್ಟೇ ಕತ್ತರಿಸಿ ಹಾಕಿದ ಬಾಳೆ ಹೂವುಗಳು ಬಿದ್ದಿದ್ದವು. ಕಾಯಿ ದಪ್ಪವಾಗಲಿ ಅಂತ ಹೂವು ಮುರಿದುಬಿಡುತ್ತಾರೆ. ಅಪ್ಪನ ಕಣ್ಣು ಅಲ್ಲೇ ಇತ್ತು. ‘ಇದನ್ನ ಏನ್ ಮಾಡ್ತಾರಂತೆ ಕೇಳಪ್ಪ’ ಅಂದರು ಅಳಿಯನಿಗೆ. ಸುಮ್ನೆ ಬಿಡ್ತೀವಿ, ಗೊಬ್ಬರ ಆಗುತ್ತೆ ಅಂತ ಉತ್ತರ. ಎರಡು ಹೂವು ಕೇಳಿ ಈಸಿಕೊಂಡೆವು.

ಸಂಜೆ ಕ್ಯಾಬಿನ್ ಜಗಲಿಯಲ್ಲಿ ಅಪ್ಪ ಮತ್ತು ಮಗ ಕಾಗದ ಹಾಸಿ ಕೂತರು. ಕೆಂಪು ಹೊದಿಕೆ ಒಂದೊಂದೇ ಬಿಡಿಸಿ, ಒಳಗಿನ ಸಣ್ಣ ಹೂವುಗಳಿಂದ ಗಟ್ಟಿ ಕಡ್ಡಿ ಎಳೆದು ತೆಗೆಯುವುದು. ಸುಮಾರು ಒಂದು ಗಂಟೆಯ ಕೆಲಸ. ಕೈಗೆ ಕಲೆಯಾಗದಂತೆ ಎಣ್ಣೆ ಹಚ್ಚಿಕೊಂಡಿದ್ದರು. ನಾನು ಹೆಚ್ಚಿ ಮಜ್ಜಿಗೆ ನೀರಿನಲ್ಲಿ ಹಾಕಿಟ್ಟು, ಒಗ್ಗರಣೆಗೆ ಸಾಸಿವೆ, ಕಡ್ಲೆಬೇಳೆ, ಒಣಮೆಣಸಿನಕಾಯಿ, ಕೊನೆಗೆ ಕಾಯಿತುರಿ ಹಾಕಿ ಪಲ್ಯ ಮಾಡಿದೆ. ಕರಿಬೇವು ಇರಲಿಲ್ಲ. ಅರ್ಧವನ್ನು ಡಬ್ಬಿಗೆ ಹಾಕಿಕೊಂಡು ನಮ್ಮವರು ಮತ್ತೆ ವುಲ್ಗೂಲ್ಗಕ್ಕೆ ಹೋಗಿ ಸರ್ದಾರ್‌ಜಿ ಮನೆಗೆ ಕೊಟ್ಟು ಬಂದರು.

ಐದನೇ ದಿನ, ಮಂಗಳವಾರ

ಹೊರಡುವ ಮುನ್ನ ನೀಗಿ ನೀಗಿ ಗುಡ್ಡ ಹತ್ತಿದೆವು. ಕಾಡಿನ ಅಂಚಿನಿಂದ ಗಾಳಿಯೊಳಗೆ ಚಾಚಿದ ಹಲಗೆಯ ಅಟ್ಟ ಅದು, ಸಮುದ್ರಮಟ್ಟದಿಂದ ಸುಮಾರು 300 ಮೀಟರ್ ಮೇಲೆ. ನೀಗಿ ನೀಗಿ ಗುಂಬಯಿಂಗರ್ ಹೆಸರು. ಕಾಫ್ಸ್‌ನಲ್ಲಿ ಈ ಭಾಷೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ಶಾಲೆ 2022ರಲ್ಲಿ ಶುರುವಾಗಿದೆ. ಬರುವವರನ್ನು ಸ್ವಾಗತಿಸುವ ಅವರ ಮಾತು ‘ಗೀನಗೈ’. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಅಂತ ಎಳೆದಾಡುವ ನಮ್ಮ ಮಗನಿಗೆ ಅದನ್ನು ಹೇಳಿಕೊಟ್ಟೆ. ದಾರಿಯುದ್ದಕ್ಕೂ ಹೇಳುತ್ತಾ ಬಂದ.

ಅಟ್ಟದ ಮೇಲಿಂದ ಎಲ್ಲ ಒಂದೇ ನೋಟಕ್ಕೆ ಸಿಗುತ್ತದೆ. ಜೆಟ್ಟಿ, ಹಕ್ಕಿಗಳ ದ್ವೀಪ, ಬಾಳೆ ಗುಡ್ಡದ ಸಾಲು, ಬಿಳಿ ಬಲೆಗಳು. ಕೆಳಗೆ ಬುಡದಲ್ಲಿ ಮಣ್ಣು ಅಗೆದ ಉದ್ದನೆಯ ಗೆರೆ. ಊರು ಬಿಟ್ಟು ಹೋಗುವ ಹೊಸ ಹೆದ್ದಾರಿಯ ಕೆಲಸ ಅದು, 14 ಕಿಲೋಮೀಟರ್, ಮೂರು ಸುರಂಗ. ಅದು ಮುಗಿದರೆ ಊರೊಳಗಿನ ಅಷ್ಟೂ ಸಿಗ್ನಲ್ ತಪ್ಪುತ್ತದೆ, ಲಾರಿಗಳ ಕಾಟ ತಪ್ಪುತ್ತದೆ. ಊರಿನವರಿಗೆ ಒಳ್ಳೆಯದೇ. ಆದರೆ ನಿಲ್ಲಬೇಕು ಅಂದುಕೊಂಡು ಬಂದವರು ಮಾತ್ರ ಇಲ್ಲಿ ನಿಲ್ಲುತ್ತಾರೆ.

ಅಪ್ಪನಿಗೆ ಲೇಡಿ ಫಿಂಗರ್‌ನ ಒಂದು ಕಂದು ಊರಿಗೆ ಒಯ್ಯುವ ಆಸೆ ಮನಸ್ಸಿನಲ್ಲಿತ್ತು. ಬಾಯಿ ಬಿಟ್ಟು ಕೇಳಲಿಲ್ಲ. ಬಾಳೆ ಗಿಡವನ್ನು ಸುಮ್ಮನೆ ಕ್ವೀನ್ಸ್‌ಲ್ಯಾಂಡಿನ ಗಡಿ ದಾಟಿಸುವ ಹಾಗೂ ಇಲ್ಲ, ಇನ್ನು ಭಾರತಕ್ಕೆ ಎಲ್ಲಿಂದ? ಬೂಟು ಉಜ್ಜಿದವರು ಅವರೇ ಅಲ್ವಾ. ಕಾರು ಹತ್ತುವಾಗ ಬೂಟಿನ ಅಡಿಯನ್ನು ಇನ್ನೊಮ್ಮೆ ತಿರುಗಿಸಿ ನೋಡಿಕೊಂಡರು.

ಸಿಡ್ನಿಗೆ ತಿರುಗುವ ಮುನ್ನ ಇನ್ನೊಮ್ಮೆ ಉತ್ತರಕ್ಕೆ ಹೊರಟೆವು. ‘ದೊಡ್ಡ ರಸ್ತೆ ಬ್ಯಾಡ ಕಣಪ್ಪ, ಹಳೆ ರಸ್ತೇಲೇ ಹೋಗು’ ಅಂದರು ಅಳಿಯನಿಗೆ. ವುಲ್ಗೂಲ್ಗದ ದಿಣ್ಣೆ ಬಂದಾಗ ನಮ್ಮವರು ವೇಗ ಇಳಿಸಿದರು. ಮಂಗಳವಾರದ ಬೆಳಿಗ್ಗೆ, ಗುರುದ್ವಾರದ ಮುಂದೆ ಯಾರೂ ಇರಲಿಲ್ಲ. ಯಾರೋ ಮೆಟ್ಟಿಲು ತೊಳೆದು ಹೋಗಿದ್ದರು, ನೀರು ಇನ್ನೂ ರಸ್ತೆಗೆ ಇಳಿಯುತ್ತಿತ್ತು. ಅಪ್ಪ ಕಿಟಕಿಯಿಂದಲೇ ಕೈ ಮುಗಿದರು. ಆಮೇಲೆ ಮಡಿಲಲ್ಲಿದ್ದ ಚಿಪ್ಪಿನಿಂದ ಒಂದು ಹಣ್ಣು ಮುರಿದು ಮೊಮ್ಮಗನಿಗೆ ಕೊಟ್ಟು, ಉಳಿದದ್ದನ್ನು ಎಣಿಸಿದರು. ಏಳು.